ನನ್ನ ತಲೆಯ ಮೇಲಿನ ಆಣೆ

ನನಗೆ ಓಟಿನ ಹಕ್ಕು ಬಂದ ವರ್ಷವೇ ನರ್ಸಿಂಗ್ ಓದಲು ಬ್ಯಾಂಕಿನ ಸಾಲವೂ ಬಂದಿತ್ತು. ಸಾಲಕ್ಕೆ ಜಾಮೀನು ನಿಂತವರು ಮಾಕವಳ್ಳಿ ಹತ್ತಿರದ ನಮ್ಮೂರಿನ ಮುಖಂಡರು. ಎರಡನೇ ವರ್ಷದ ಹಣ ಬರಬೇಕಾದರೆ ಅವರು ಮತ್ತೊಮ್ಮೆ ಸಹಿ ಹಾಕಬೇಕಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ಅವರದು ಒಂದು ಪಕ್ಷ. ಗೆದ್ದರೆ ಓದುವ ಮಕ್ಕಳ ಸಾಲ ಮನ್ನಾ ಎಂದು ಸಾರಿಕೊಂಡು ತಿರುಗುತ್ತಿದ್ದದ್ದು ಇನ್ನೊಂದು ಪಕ್ಷ. ಹಾಸ್ಟೆಲಿನ ಹುಡುಗಿಯರ ಬಾಯಲ್ಲೆಲ್ಲ ಅದೇ ಮಾತು. ನಾನು ಪೂರ್ತಿ ನಂಬಿರಲಿಲ್ಲ, ಆದರೂ ನಮ್ಮ ಸಾಲದ ಸುದ್ದಿಯನ್ನು ಯಾರಾದರೂ ಮೈಕಿನಲ್ಲಿ ಎತ್ತಿದ್ದು ಅದೇ ಮೊದಲು.

ಓಟು ಹಾಕಲು ನಾನು ಊರಿಗೆ ಬಂದ ಸಂಜೆಯೇ ಮುಖಂಡರು ಮನೆಗೆ ಬಂದರು. ಕೈಚೀಲದಿಂದ ದೇವರ ಫೋಟೊ ತೆಗೆದು ಜಗಲಿಯ ಮೇಲಿಟ್ಟರು. ನಮ್ಮ ಕಡೆ ಓಟು ಕೇಳುವವರಿಗೆ ಬರೀ ಮಾತು ಸಾಲದು, ಆಣೆ ಬೇಕು. ಅಪ್ಪ ಫೋಟೊ ಮುಟ್ಟಿದ. ನನ್ನ ಕೈ ಮುಂದೆ ಹೋಗಲೇ ಇಲ್ಲ.

"ಯಾಕ್ ಮಗಾ, ಓದ್ದೋರು ದೇವ್ರು ಮುಟ್ಟಾಕಿಲ್ವಾ?" ಎಂದು ಅವರು ನಕ್ಕರು.

ಮುದ್ದೆ ಕಟ್ಟುತ್ತಿದ್ದ ಅಮ್ಮ ಎದ್ದು ಬಂದು, ನನ್ನನ್ನೊಂದು ಮಾತೂ ಕೇಳದೆ, ಹಿಟ್ಟಿನ ಕೈಯನ್ನೇ ನನ್ನ ತಲೆಯ ಮೇಲಿಟ್ಟಳು. "ನನ್ ಮಗಳಾಣೆಗೂ ಕಣಣ್ಣೋ, ನಮ್ಮನೆ ಮೂರು ಓಟೂ ನಿಮ್ಗೇಯ."

ಅವರು ಹೋದ ಮೇಲೆ ಕಿರುಚಾಡಿದೆ. ಅಮ್ಮ ಹೋಗಿ ಮತ್ತೆ ಮುದ್ದೆ ಕಟ್ಟಲು ಕೂತಳು.

ಆಣೆಗೀಣೆ ನಂಬುವವಳಲ್ಲ ನಾನು. ಆದರೂ ಬೂತಿನಲ್ಲಿ ರಟ್ಟಿನ ಮರೆಗೆ ನಿಂತಾಗ ಸಹಿ, ಫೀಸು, ಅಮ್ಮನ ಕೈ ಎಲ್ಲ ಒಟ್ಟಿಗೇ ನೆನಪಾದವು. ನನ್ನದೊಂದು ಓಟಿಗೆ ಎಷ್ಟು ಜನ ಕೈ ಹಾಕಿದ್ದಾರಪ್ಪ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇನ್ನೊಂದು ಪಕ್ಷದ ಗುಂಡಿ ಒತ್ತಿದೆ. ಬೆನ್ನ ಹಿಂದೆ ಯಾರೋ ಇಣುಕಿದಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಸ್ಕೂಲಿನಾಚೆ ಬೇವಿನ ಮರದಡಿ ಮುಖಂಡರು ನಿಂತಿದ್ದರು. "ನಮ್ಗೇ ತಾನೆ ಮಗಾ?" ಎಂದರು. ಹೂಂ ಎಂದು ತಲೆಯಾಡಿಸಿದೆ.

ಮನೆಯಲ್ಲಿ ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಬಯ್ಯಲಿಲ್ಲ. ಹಣೆ ಮುಟ್ಟಿ ನೋಡಿದಳು.

"ಎದ್ರುಕಬ್ಯಾಡ ಕಣವ್ವ. ನಿನ್ ತಲೆ ಮ್ಯಾಲೆ ಕೈ ಇಟ್ಟಾಗ್ಲೇ ದೇವ್ರಿಗೆ ಯೋಳಿವ್ನಿ. ಇವ್ಳು ಯಾರಿಗ್ ಬೇಕಾದ್ರೂ ಒತ್ಲಿ, ಬರಾದೆಲ್ಲ ನಂಗೇ ಬರ್ಲಿ ಅಂತ."

ಮುಖಂಡರ ಪಕ್ಷ ಸೋತಿತು. ಗೆದ್ದವರು ಮನ್ನಾದ ಮಾತು ಇನ್ನೂ ಎತ್ತಿಲ್ಲ. ಮುಖಂಡರು ಮಾತ್ರ ಸಹಿ ಹಾಕಿಕೊಟ್ಟರು, ಅಮ್ಮನ ಆಣೆ ನಂಬಿ. ಸಾಲ ಬೆಳೆಯುತ್ತಿದೆ, ಓದು ನಡೆದಿದೆ.

ಈಚೆಗೆ ಫೋನಿನಲ್ಲಿ ಅಮ್ಮ ಕೆಮ್ಮುತ್ತಾಳೆ. "ಕಬ್ಬಿನ್ ಗಾಡಿ ಧೂಳು ಕಣವ್ವ" ಅನ್ನುತ್ತಾಳೆ. ಕೆಮ್ಮು ಯಾಕೆ ಬರುತ್ತದೆ, ಯಾವಾಗ ಹೆದರಬೇಕು ಎಂದು ದಿನವೂ ಓದುತ್ತಿರುವವಳು ನಾನು. ಆದರೂ ಫೋನಿಟ್ಟ ಮೇಲೆ ನನಗೆ ನೆನಪಾಗುವುದು ನಾನು ಒತ್ತಿದ ಆ ಗುಂಡಿ.