ಟೀ ಅಂಗಡಿಯ ಕಳ್ಳಿ

ರಾಮನಗರದ ಹೊರಗೆ ಆಗ ಹೊಸದಾಗಿ ಎದ್ದಿದ್ದ ಫ್ಯಾಕ್ಟರಿಯಲ್ಲಿ ನಾನು ಮಾಲಿ. ಗೇಟಿನ ಶೋಭೆಗೆ ಅಂತ ಸಾಹೇಬರು ಕೆಂಪು ಹೂ ಬಿಡೋ ಕಳ್ಳಿಯ ಕುಂಡಗಳನ್ನು ತರಿಸಿದ್ದರು. ಕೂಸಿಗೆ ಹಾಲು ಕುಡಿಸಿದ ಹಾಗೆ ಎರಡು ಹೊತ್ತೂ ನೀರು ಹಾಕಿದೆ. ಒಂದೇ ಒಂದು ಹೂ ಬಿಡಲಿಲ್ಲ.

ನಾನು ಸವರಿ ಕಾಂಪೌಂಡಿನಾಚೆ ಎಸೆದ ಕೊಂಬೆಗಳನ್ನು ಎದುರಿನ ಟೀ ಅಂಗಡಿಯ ನಿಂಗಮ್ಮ ಬಂಡೆ ಸಂದಿಯಲ್ಲಿ ಸಿಕ್ಕಿಸಿದ್ದಳು. ಹನಿ ನೀರೂ ಹಾಕಿದವಳಲ್ಲ. ಅದೋ ಮೈತುಂಬ ಹೂ ಬಿಟ್ಟು, ರಸ್ತೆ ಬದಿಯ ಕಲ್ಲುಗುಡ್ಡೆಯವರೆಗೂ ಹಬ್ಬಿತು. ಟೀ ಕುಡಿಯಲು ಬಂದ ಸಾಹೇಬರೂ ಅದನ್ನೇ ಹೊಗಳಿದರು. ನಾನು ಅರ್ಧ ಟೀ ಹಾಗೇ ಬಿಟ್ಟು ಆ ಗಿಡವನ್ನೇ ದಿಟ್ಟಿಸಿದೆ.

"ಚೆನ್ನಾಗೈತೆ ಕಣಕ್ಕ, ನಿನ್ನ ಗಿಡ," ಅಂದೆ.

ನಿಂಗಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಒಂದು ಕೊಂಬೆ ಮುರಿದು, ಕರಿ ದಾರ ಕಟ್ಟಿ, ಅಂಗಡಿ ಬಾಗಿಲಿಗೆ ತಲೆಕೆಳಗಾಗಿ ನೇತುಹಾಕಿದಳು.

"ಇದ್ಯಾಕಕ್ಕ?"

"ದೃಷ್ಟಿಗೆ ಕಣಣ್ಣ. ಇಷ್ಟು ದಿನ ಬೇಕಾಗಿರ್ನಿಲ್ಲ."

ಸ್ವಲ್ಪ ದಿನ ಕಳೆದು ನೋಡಿದರೆ, ಮಣ್ಣೂ ಇಲ್ಲದೆ ನೇತಾಡುತ್ತಿದ್ದ ಆ ಕೊಂಬೆಯೂ ಹೂ ಬಿಟ್ಟಿತ್ತು.

ಅವತ್ತಿನಿಂದ ನನ್ನ ಕುಂಡಗಳಿಗೆ ನೀರು ಹಾಕೋದನ್ನೇ ಬಿಟ್ಟೆ. ದಿನಾ ಅವುಗಳ ಎದುರಿಗೆ ನಿಂತು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ, ಅಷ್ಟೆ. ತಿಂಗಳೊಪ್ಪತ್ತಿನಲ್ಲಿ ಮೊಗ್ಗು ಬಂತು. ನನ್ನ ಕಣ್ಣು ಅಷ್ಟೇನೂ ಕೆಟ್ಟದ್ದಲ್ಲ.