ಕನ್ನಡಿ ಕೂರಿಸುವ ಮಿಸ್ತ್ರಿ

ಮಿಸ್ತ್ರಿಯ ಬಲಗಿವಿಯ ಮೇಲಿನ ಕೂದಲು ಯಾವಾಗಲೂ ಬೆಳ್ಳಗಿರುತ್ತಿತ್ತು. ಮುಪ್ಪಿನಿಂದಲ್ಲ, ಅಲ್ಲೊಂದು ಸೀಮೆಸುಣ್ಣ ಸಿಕ್ಕಿಸಿಕೊಂಡಿರುತ್ತಿದ್ದರು. ಮಿರಜಿನ ಹತ್ತಿರದ ಕುಪವಾಡದಲ್ಲಿ ಅವರ ಗ್ಯಾರೇಜು. ಹೊಸ ಕಾರುಗಳು ಎರಡೂ ಕಡೆ ಕನ್ನಡಿ ಹಚ್ಚಿಕೊಂಡೇ ಶೋರೂಮಿನಿಂದ ಇಳಿಯತೊಡಗಿದ್ದ ಕಾಲ. ಇವರು ಮಾತ್ರ ಹಳೆಯ ಕಾರುಗಳಿಗೆ ಕನ್ನಡಿ ಕೂರಿಸುತ್ತಲೇ ಇದ್ದರು.

ಅದಕ್ಕೆ ಮೊದಲು ಕಾರು ಓಡಿಸುವವರನ್ನು ಸೀಟಿನಲ್ಲಿ ಕುಳ್ಳಿರಿಸಿ, ಚಹಾ ಕೊಟ್ಟು, ಊರ ಸುದ್ದಿಯೆಲ್ಲ ತೆಗೆಯುತ್ತಿದ್ದರು. "ಮೊದಲ ಹತ್ತು ಮಿನಿಟು ಮಂದಿ ಫೋಟೋಕ್ಕ ಕುಂತಂಗ ಕುಂದರತಾರ. ಗಾಡಿ ಹೊಡಿಯಾಂವ ಅವ ಅಲ್ಲ," ಎನ್ನುವರು. ಬೆನ್ನು ತಾನಾಗಿ ಒರಗಿತೋ, ಮಾತಿನ ನಡುವೆಯೇ ಹೊರಗೆ ಕನ್ನಡಿಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಬಿಡುವರು.

ನಮ್ಮ ಫಿಯಾಟಿನ ಮಡ್‌ಗಾರ್ಡಿನ ಮೇಲೆ ನಮ್ಮ ಯಜಮಾನರಿಗೆಂದು ಎರಡು ಕನ್ನಡಿ ಕೂರಿಸಿದವರೂ ಅವರೇ. ಯಜಮಾನರು ಆರಡಿ ಆಳು. ಅವರು ತೀರಿಹೋದ ಮೇಲೆ ನಾನು ಕುಳಿತರೆ ಅವುಗಳಲ್ಲಿ ಬರೀ ಆಕಾಶ. ತಿರುಗಿಸಿ ನೋಡಿದರೂ ಸ್ಟೀರಿಂಗಿನ ಅಡ್ಡಕ್ಕೆ ಅರ್ಧವೇ ಕಾಣುತ್ತಿತ್ತು. ಕಾರು ಮಾರಿಬಿಡಿ ಎಂದು ಮೈದುನ ಗಂಟುಬಿದ್ದಿದ್ದ. ನಾನು ಬಿಲ್‌ಕುಲ್ ಒಪ್ಪಲಿಲ್ಲ. ನಾನು ಕಲಿಸುವ ಮಿರಜಿನ ಶಾಲೆಗೆ ನಾನೇ ಓಡಿಸಿಕೊಂಡು ಹೋಗುತ್ತೇನೆಂದೆ. ಆಸೆಯಿಂದಲ್ಲ. ಆಗ ನನಗೆ ಯಾವ ಆಸೆಯೂ ಇರಲಿಲ್ಲ.

ಮಿಸ್ತ್ರಿ ನನ್ನನ್ನೂ ಕುಳ್ಳಿರಿಸಿದರು. ಒಂದು ಗಂಟೆಯಾದ ಮೇಲೆ ಸೀಮೆಸುಣ್ಣ ಮತ್ತೆ ಕಿವಿಗೇ ಹೋಯಿತು. "ಇವತ್ತ ಬ್ಯಾಡ್ರಿ ವೈನಿ. ನೀವಿನ್ನೂ ಕುಂತಿಲ್ರಿ."

"ಮತ್ತ ನಿಂತೀನೇನ್ರಿ?" ಎಂದು ರೇಗಿದೆ.

"ಸಾಹೇಬರ ಜಾಗಾದಾಗ ಬಂದು ಹೋಗೋ ಮಂದಿಯಂಗ, ಪಾವಣೇರಂಗ ಕುಂತೀರಿ. ಪಾವಣೇರಿಗೆಂತ ಬಾಗಲಿಗೆ ತೂತು ಹಾಕಲೇನ್ರಿ? ಒಮ್ಮೆ ಹಾಕಿದ್ರ ಮುಗೀತು."

ಮುಂದಿನ ಭಾನುವಾರವೂ ಅದೇ ಮಾತು. ಮೂರನೆಯ ಭಾನುವಾರ ಅವರು ಊರ ಸುದ್ದಿ ತೆಗೆಯಲಿಲ್ಲ. ಗೇರು ಬದಲಿಸುವಾಗ ಯಜಮಾನರು ನಾಲಗೆ ಕಚ್ಚಿಕೊಳ್ಳುತ್ತಿದ್ದುದನ್ನು ಮಾಡಿ ತೋರಿಸಿದರು. ನನಗೆ ಅಳು ಬರಲಿಲ್ಲ, ನಗುವೂ ಪೂರ್ತಿ ಬರಲಿಲ್ಲ. ಬೆನ್ನು ಮಾತ್ರ ಒರಗಿತು. ಬಾಗಿಲ ಮೇಲೆ ಸೀಮೆಸುಣ್ಣ ಕಿರ್ರೆಂದಿತು. ಆ ಗುರುತಿಗೆ ಹೊಸ ಕನ್ನಡಿ ಕೂರಿಸಿ, ಮಡ್‌ಗಾರ್ಡಿನ ಕನ್ನಡಿ ಬಿಚ್ಚಿಕೊಟ್ಟು, ಆ ತೂತುಗಳಿಗೆ ರಬ್ಬರಿನ ಬಿರಡೆ ಹಾಕಿದರು. "ಇವು ಸಾಹೇಬರವು. ಇರಲಿ ಬಿಡ್ರಿ," ಎಂದರು.

ನಿವೃತ್ತಿಯವರೆಗೂ ಆ ಬಾಗಿಲ ಕನ್ನಡಿ ನೋಡಿಕೊಂಡೇ ಶಾಲೆಗೆ ಹೋಗಿಬಂದೆ. ಉಪಕಾರವಾಯಿತೆಂದು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಮಿಸ್ತ್ರಿ ತೀರಿಕೊಂಡ ದಿನ ಬುಧಗಾಂವದ ಅವರ ಮನೆಗೆ ಅದೇ ಕಾರಿನಲ್ಲಿ ಹೋದೆ. ಯಾರೋ ಖುರ್ಚಿ ಹಾಕಿದರು. ಕುಳಿತೆ, ಎದ್ದೆ. ಏನೂ ಅನ್ನಿಸಲಿಲ್ಲ. ಹೊರಗೆ ಬಂದು ಕಾರು ಹತ್ತಿ ಕನ್ನಡಿ ನೋಡಿದರೆ ಹಿಂದಿನ ರಸ್ತೆಯೇ ಇಲ್ಲ. ಪಕ್ಕದ ಕಬ್ಬಿನ ಹೊಲವಷ್ಟೇ. ಯಾರೋ ತಿರುಗಿಸಿರಬೇಕೆಂದು ಕೈಹಾಕಿದೆ. ತಿರುಪು ಬಿಗಿಯಾಗಿಯೇ ಇತ್ತು.

ನನ್ನ ಬೆನ್ನು ಸೀಟಿಗೆ ತಾಗಿರಲಿಲ್ಲ. ಕೀಲಿ ತಿರುಗಿಸದೆ ಕಾದೆ. ಬಹಳ ಹೊತ್ತಿನ ಮೇಲೆ ಕನ್ನಡಿಯೊಳಗೆ ರಸ್ತೆ ಬಂತು, ಅದರ ಕೊನೆಗೆ ಅವರ ಮನೆಯ ಬಾಗಿಲೂ ಬಂತು.