ಫಾರ್ಮ್ಯಾಟ್ ಮಾಡುವುದಿಲ್ಲ ಎಂದ ದಿನ

ಹೋದ ವರ್ಷದ ಬೇಸಿಗೆ, ಮದುವೆಗಳ ಕಾಲ. ತಿಪಟೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಹಿರಿಯ ಟೆಕ್ನಿಷಿಯನ್. ಹಿರಿಯ ಎಂದರೆ ಇಷ್ಟೇ, ಅಲ್ಲಿ ಇನ್ನೊಬ್ಬ ಟೆಕ್ನಿಷಿಯನ್ ಇರಲಿಲ್ಲ. ಯಾವ ಲ್ಯಾಪ್‌ಟಾಪ್ ಬಂದರೂ ನಮ್ಮ ಯಜಮಾನರ ಬಾಯಲ್ಲಿ ಒಂದೇ ಮದ್ದು: ಫಾರ್ಮ್ಯಾಟ್. ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಆ ಮಾತು ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

ಅವತ್ತು ಕೊಬ್ಬರಿ ಹರಾಜಿನ ದಿನ. ಹಳ್ಳಿಗಳಿಂದ ಬಂದವರೆಲ್ಲ ನಮ್ಮ ಅಂಗಡಿಗೂ ಒಂದು ಸುತ್ತು ಬರುತ್ತಿದ್ದರು. ಆ ಗದ್ದಲದಲ್ಲಿ ಹೊನ್ನವಳ್ಳಿಯ ಗಂಗಾಂಬಿಕೆ ಬಂದರು. ಮದುವೆ ರವಿಕೆಗಳಿಗೆ ಮಷೀನಿನಲ್ಲಿ ಕಸೂತಿ ಹಾಕುವುದು ಅವರ ಕೆಲಸ. ಚಿತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ತಾವೇ ಬಿಡಿಸಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮಷೀನು ಹೊಲಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಅವರ ಅಣ್ಣ ಹಾಕಿಕೊಟ್ಟ ಲಿನಕ್ಸ್ ಇತ್ತು. ಹಿಂದಿನ ದಿನದಿಂದ ಆನ್ ಮಾಡಿದರೆ ಲೋಗೋ ಬಂದು, ಆಮೇಲೆ ಪರದೆ ಕಪ್ಪಾಗುತ್ತಿತ್ತಂತೆ.

ಅವರು ಚೀಲದಿಂದ ಕೆಂಪು ರೇಷ್ಮೆ ಬಟ್ಟೆ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಬಲತೋಳಿನಲ್ಲಿ ಜರಿದಾರದ ಹೊಂಬಾಳೆ ತೂಗುತ್ತಿತ್ತು. ಎಡತೋಳು ಖಾಲಿ.

"ನಾಡಿದ್ದು ಧಾರೆ ಕಣಕ್ಕ. ಹೆಣ್ಣಿನ ಅಜ್ಜೀದು ಹಳೇ ಸೀರೆ ಕತ್ತರಿಸಿ ಹೊಲಿಯಾಕೆ ಕೊಟ್ಟವ್ರೆ, ಹೊಸಾ ಬಟ್ಟೆ ತರಾಣ ಅನ್ನಂಗಿಲ್ಲ. ಎಡಗಡೆಗೆ ಕಳಶ. ತಿಂಗಳೊಪ್ಪತ್ತು ಕೂತು ಬಿಡಿಸಿದೀನಿ. ಪೆನ್‌ಡ್ರೈವ್‌ಗೆ ಇನ್ನೂ ಹಾಕಿರಲಿಲ್ಲ, ಇದರೊಳಗೇ ಐತೆ."

ಯಜಮಾನರು ಗಲ್ಲಾ ಹತ್ತಿರದಿಂದಲೇ ತೀರ್ಪು ಕೊಟ್ಟರು. "ನಳಿನಾ, ಫಾರ್ಮ್ಯಾಟ್ ಹೊಡ್ದು ವಿಂಡೋಸ್ ಹಾಕ್ಬುಡಮ್ಮ. ಜನ ನಿಂತವ್ರೆ."

"ಆಗಲ್ಲ ಸಾರ್. ಇವರ ಡಿಸೈನು ಹೋಗುತ್ತೆ. ಫಾರ್ಮ್ಯಾಟೇ ಬೇಕು ಅಂದ್ರೆ ನೀವೇ ಕೂತು ಮಾಡಿ, ನನ್ನ ಕೈಲಿ ಮಾಡಿಸ್ಬೇಡಿ."

ಯಜಮಾನರ ಮುಖ ಕೆಂಪಾಯಿತು. "ಸಂಜೆ ಒಳಗೆ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಅಂಗಡಿ ನೋಡ್ಕೋ" ಎಂದರು. ನೋಡಿಕೊಂಡರಾಯಿತು ಎಂದು ಕುಳಿತೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

ಲಿನಕ್ಸ್‌ನಲ್ಲಿ ಚಿತ್ರದ ಪರದೆ ಬಾರದಿದ್ದರೂ ಎಷ್ಟೋ ಸಲ ಅಕ್ಷರದ ಪರದೆ ಬರುತ್ತದೆ. ಮೂರು ಕೀ ಒಟ್ಟಿಗೆ ಒತ್ತಿ ಅಲ್ಲಿಗೆ ಹೋದೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಕೇಳುವ ಕಮಾಂಡ್ ಕೊಟ್ಟರೆ ಉತ್ತರ ನೂರಕ್ಕೆ ನೂರು. ಒಂದಿಷ್ಟೂ ಜಾಗವಿಲ್ಲದಿದ್ದರೆ ಯಂತ್ರ ತನ್ನ ಸಣ್ಣಪುಟ್ಟ ಫೈಲುಗಳನ್ನೂ ಬರೆಯಲಾರದೆ ಅರ್ಧದಲ್ಲೇ ನಿಲ್ಲುತ್ತದೆ. ರೋಗ ಸಿಕ್ಕಿತು, ಸರಿ. ಆದರೆ ಒಂದೊಂದೇ ಫೋಲ್ಡರ್ ಅಳೆದು ಕೂಡಿಸಿದರೆ ಲೆಕ್ಕ ಡಿಸ್ಕಿನ ಅರ್ಧಕ್ಕೂ ಬರಲಿಲ್ಲ. ಉಳಿದರ್ಧ ತುಂಬಿದ್ದು ಏನು? ಯಂತ್ರ ತಾನೇ ಬರೆದಿಟ್ಟುಕೊಳ್ಳುವ ಹಳೆಯ ಲಾಗ್‌ಗಳನ್ನು ಅಳಿಸಿದೆ. ಏನೂ ಸಾಲಲಿಲ್ಲ. ಊಟದ ಹೊತ್ತು ಮೀರಿತು. ಯಜಮಾನರು ಗಡಿಯಾರ ನೋಡುವುದನ್ನು ನನಗೆ ಕಾಣುವ ಹಾಗೆಯೇ ನೋಡುತ್ತಿದ್ದರು.

ಗಂಗಾಂಬಿಕೆ ಲ್ಯಾಪ್‌ಟಾಪ್ ಜೊತೆಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನೂ ತಂದಿದ್ದರು, ಅದನ್ನು ಮೊದಲೇ ಚುಚ್ಚಿಟ್ಟಿದ್ದೆ. ಆಗ ಕಣ್ಣಿಗೆ ಬಿತ್ತು, ಅದರ ಮೇಲೆ ಒಣಗಿದ ಅರಿಶಿನ ಕುಂಕುಮ.

"ಇದೇನ್ರೀ?"

"ಆಯುಧ ಪೂಜೇಲಿ ಮಷೀನು, ಕತ್ರಿ, ಮಚ್ಚಿನ ಜೊತೆ ಅದನ್ನೂ ಕಿತ್ತು ಪೂಜೆಗೆ ಇಟ್ಟಿದ್ವಿ. ಅವತ್ತಿಂದ ದೇವರಮನೇಲೇ ಇತ್ತು. ಅಲ್ಲಾದ್ರೆ ಜೋಪಾನ ಅಲ್ವೇನಕ್ಕ?"

ನನಗೆ ನಗು ಬಂತು, ಜೊತೆಗೆ ದಾರಿಯೂ ಕಂಡಿತು. ವಿಚಾರಿಸಿದರೆ, ಅವರ ಅಣ್ಣ ದಿನಾ ರಾತ್ರಿ ಎಲ್ಲ ಫೈಲುಗಳ ಒಂದು ನಕಲು ಆ ಹಾರ್ಡ್ ಡಿಸ್ಕ್‌ಗೆ ಹೋಗುವ ಹಾಗೆ ಮಾಡಿಟ್ಟಿದ್ದರು. ಲಿನಕ್ಸ್ ಹೊರಗಿನ ಡಿಸ್ಕನ್ನು ಒಂದು ಖಾಲಿ ಫೋಲ್ಡರಿಗೆ ಜೋಡಿಸಿಕೊಳ್ಳುತ್ತದೆ. ಡಿಸ್ಕ್ ದೇವರಮನೆಗೆ ಹೋದರೂ ಫೋಲ್ಡರ್ ಇದ್ದೇ ಇತ್ತು. ನಕಲುಗಳು ಆರು ತಿಂಗಳಿಂದ ಲ್ಯಾಪ್‌ಟಾಪ್‌ನ ಸ್ವಂತ ಡಿಸ್ಕಿನಲ್ಲೇ ರಾಶಿ ಬೀಳುತ್ತಿದ್ದವು. ಈಗ ನಾನು ಡಿಸ್ಕ್ ಚುಚ್ಚಿದ್ದರಿಂದ ಅದು ಆ ರಾಶಿಯ ಮೇಲೆ ಜಮಖಾನ ಹಾಸಿದಂತೆ ಕೂತಿತ್ತು. ಅಡಿಯಲ್ಲಿದ್ದದ್ದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಹೊರಗಿನ ಡಿಸ್ಕನ್ನು ಕಳಚಿದೆ. ಫೋಲ್ಡರ್ ತುಂಬ ನಕಲುಗಳು ಎದ್ದು ಕಂಡವು.

"ಸಿಕ್ತಲ್ಲ, ಅಳಿಸ್ಬುಡು ಮತ್ತೆ" ಎಂದರು ಬೆನ್ನ ಹಿಂದೆ ನಿಂತಿದ್ದ ಯಜಮಾನರು.

"ಮೊದಲು ಕಳಶ ನೋಡ್ತೀನಿ ಸಾರ್."

ನೋಡಿದೆ. ಅವರು ಬಿಡಿಸುತ್ತಿದ್ದ ಫೋಲ್ಡರಿನಲ್ಲಿ ಕಳಶದ ಫೈಲಿನ ಹೆಸರಿತ್ತು, ಗಾತ್ರ ಸೊನ್ನೆ. ಡಿಸ್ಕ್ ತುಂಬಿದ ಗಳಿಗೆಯಲ್ಲಿ ಗಂಗಾಂಬಿಕೆ ಅದನ್ನು ಕೊನೆಯ ಸಲ ಸೇವ್ ಮಾಡಿದ್ದರು. ಹೆಸರು ಉಳಿದು ಚಿತ್ರ ಹೋಗಿತ್ತು. ವಿಷಯ ಹೇಳಿದೆ. ಅವರು ರವಿಕೆಯ ಖಾಲಿ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಆ ರಾಶಿಯಲ್ಲಿ ಎಲ್ಲಕ್ಕಿಂತ ಈಚಿನ ನಕಲನ್ನು ತೆರೆದೆ. ಡಿಸ್ಕ್ ತುಂಬುವ ಹಿಂದಿನ ರಾತ್ರಿಯದು. ಅದರಲ್ಲಿ ಕಳಶದ ಫೈಲು ಇಡಿಯಾಗಿ ಕೂತಿತ್ತು. ಯಜಮಾನರು ಅಳಿಸು ಎಂದ ರಾಶಿಯಲ್ಲೇ!

ಆ ನಕಲನ್ನು ಬೇರೆ ಕಡೆ ಜೋಪಾನ ಮಾಡಿ, ಹಳೆಯವನ್ನು ಅಳಿಸಿ, ಲ್ಯಾಪ್‌ಟಾಪನ್ನು ಮತ್ತೆ ಆನ್ ಮಾಡಿದೆ. ಲಾಗಿನ್ ಪರದೆ ಬಂತು. ಹೊರಗಿನ ಡಿಸ್ಕ್ ಜೋಡಿಸಿರದಿದ್ದರೆ ನಕಲೇ ಆಗದಂತೆ ಅಣ್ಣ ಬರೆದಿಟ್ಟ ಕಮಾಂಡುಗಳಿಗೆ ಒಂದು ಸಾಲು ಸೇರಿಸಿದೆ. ಗಂಗಾಂಬಿಕೆ ಫೈಲು ತೆರೆದರು. ಮಾವಿನೆಲೆ, ತೆಂಗಿನಕಾಯಿ, ದಾರದ ಒಂದೊಂದು ಎಳೆಯೂ ಅಲ್ಲಿತ್ತು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹೊರಡುವಾಗ ಯಜಮಾನರ ಎದುರು ನಿಂತರು.

"ಅಳ್ಸಾಕೆ ನಮ್ಮನೇಲೂ ಜನ ಅವ್ರೆ ಸಾರ್. ಅದಕ್ಕೆ ತಿಪಟೂರಿಗೆ ಯಾಕೆ ಬರ್ಬೇಕಿತ್ತು?"

ಯಜಮಾನರು ಗಲ್ಲಾ ತಳ್ಳಿ ಮುಚ್ಚಿದರು. ಮರುದಿನ ನಾನು ಎಂದಿನಂತೆ ಅಂಗಡಿಗೆ ಹೋದೆ. ಬೇರೆ ಅಂಗಡಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಂತ್ರ ನಮ್ಮ ಮೇಜಿಗೆ ಬಂದ ಮಾತ್ರಕ್ಕೆ ಅದರೊಳಗಿನದು ನಮ್ಮದಾಗುವುದಿಲ್ಲ. ಯಾರೇ ಲ್ಯಾಪ್‌ಟಾಪ್ ತಂದರೂ ಒಳಗೆ ಏನಿದೆ ಎಂದು ಕೇಳಿ ತಿಳಿಯದೆ ನಾನು ಏನನ್ನೂ ಅಳಿಸುವುದಿಲ್ಲ. ಯಜಮಾನರು ಇದನ್ನು ಹಟ ಎನ್ನುತ್ತಾರೆ. ಹೌದು, ಹಟವೇ.